ಕೂದಲೆಳೆಯಷ್ಟು ಎತ್ತರ

ಬಾಯಿ ತೆರೆದು ಮಲಗಿಸಿದ ಮನುಷ್ಯನಿಗೆ ಪ್ರಶ್ನೆ ಕೇಳುವ ಅಭ್ಯಾಸ ಈ ಡಾಕ್ಟರಮ್ಮನಿಗೆ ಎಲ್ಲಿಂದ ಬಂತೋ. ಎರಡು ಬೆರಳು, ಒಂದು ಪುಟ್ಟ ಕನ್ನಡಿ, ಎಂಜಲು ಹೀರುವ ಕೊಳವೆ, ಇಷ್ಟನ್ನೂ ಒಳಗೆ ತುರುಕಿದ ಮೇಲೆ ಮನೆಯಲ್ಲಿ ಎಲ್ಲ ಆರಾಮಾ ಎನ್ನುತ್ತಾಳೆ. ಆಯ್ತಪ್ಪ ‘ಆ’ ಎಂದ. ಆ ಎಂದರೆ ಹೌದು ಎಂದೇ ಅವಳು ತಿಳಿದುಕೊಂಡಳು, ಎಲ್ಲರೂ ತಿಳಿದುಕೊಳ್ಳುವ ಹಾಗೆ. ಆಯ್ತಪ್ಪ ಎನ್ನುವುದು ಅವನ ಹೆಸರಲ್ಲ. ಬಟ್ಟೆ ಫ್ಯಾಕ್ಟರಿಯಲ್ಲಿ ಯಾರು ಏನು ಕೇಳಿದರೂ, ಇವತ್ತು ಓವರ್‌ಟೈಮ್ ನಿಲ್ತೀಯಾ ಎಂದರೂ, ನಿನ್ನ ಫ್ಯಾನು ಸ್ವಲ್ಪ ಈ ಕಡೆ ತಿರುಗಿಸ್ಲಾ ಎಂದರೂ, ಆಯ್ತಪ್ಪ ಎನ್ನುತ್ತಿದ್ದುದರಿಂದ ಅಂಟಿಕೊಂಡದ್ದು. ಈಗ ಹಾಜರಿ ಕೂಗುವವನಿಗೂ ಅವನ ನಿಜವಾದ ಹೆಸರು ಮರೆತುಹೋಗಿದೆ. ಹಾಗೆ ಕರೆದವರ ಮೇಲೆ ಒಮ್ಮೆಯಾದರೂ ರೇಗಬೇಕೆಂದು ಒಂದೆರಡು ಸಲ ಅಂದುಕೊಂಡಿದ್ದ. ಹೋಗಲಿ ಎಂದು ಬಿಟ್ಟಿದ್ದ.

ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತಾಗಿತ್ತು. ಕೆಳತುಟಿಯ ಎಡ ಅರ್ಧ ಮೊದಲು ಜುಂ ಎಂದಿತು, ಆಮೇಲೆ ದಪ್ಪಗಾಯಿತು, ಆಮೇಲೆ ಅಲ್ಲಿ ತುಟಿಯೇ ಇಲ್ಲವೆಂಬಂತಾಯಿತು. ನಾಲಿಗೆಯದೂ ಅರ್ಧ ಹೋಯಿತು. ಉಳಿದ ಅರ್ಧ ನಾಲಿಗೆ, ಪಕ್ಕದ ಮನೆಯವರು ಊರಿಗೆ ಹೋದರೇ ಎಂದು ಇಣುಕುವವರಂತೆ, ಮತ್ತೆ ಮತ್ತೆ ಅತ್ತ ಹೋಗಿ ನೋಡಿ ಬರುತ್ತಿತ್ತು. ತಲೆಯ ಮೇಲೆ ದೀಪ. ದೀಪದ ಗಾಜಿನಲ್ಲಿ ಅವನ ಬಾಯಿಯೇ ಚಿಕ್ಕದಾಗಿ, ಕೆಂಪಗೆ, ತಲೆಕೆಳಗಾಗಿ ಕಾಣುತ್ತಿತ್ತು. ನೋಡಬಾರದೆಂದುಕೊಂಡರೂ ನೋಡುತ್ತಿದ್ದ. ಸಂಜೆ ದೊಡ್ಡಣ್ಣ ಬರುತ್ತಾನೆ. ಈಗ ಅದನ್ನು ಯೋಚಿಸಬಾರದು. ದೊಡ್ಡಣ್ಣ ಬಂದು ಕುರ್ಚಿ ಎಳೆದು ಕೂತು ಏನಪ್ಪಾ ಏನಂತೀಯ ಎಂದು ಕೇಳುತ್ತಾನೆ. ಆಗ ಒಂದೇ ಒಂದು ಮಾತು ಹೇಳಬೇಕು. ಡಾಕ್ಟರಮ್ಮ ಕಡ್ಡಿಯಂಥದ್ದರಿಂದ ಒಸಡನ್ನು ಚುಚ್ಚಿ ಗೊತ್ತಾಗುತ್ತಾ ಎಂದಳು. ಗೊತ್ತಾಗುತ್ತಿರಲಿಲ್ಲ. ಗೊತ್ತಾಗದಿರುವುದು ಎಷ್ಟು ಹಿತವಾಗಿತ್ತೆಂದರೆ ಅವನಿಗೆ ತನ್ನ ಮೇಲೆಯೇ ಸಣ್ಣ ಅನುಮಾನ ಬಂತು.

ಹೋದದ್ದು ಒಂದೇ ಹಲ್ಲು. ಹುಳುಕು ಹಿಡಿದಿತ್ತೆಂದು ಯಾವತ್ತೋ ಕೀಳಿಸಿದ್ದು. ಎಡಗಡೆಯ ಕೆಳದವಡೆಯಲ್ಲಿ, ಅಗಿಯುವ ಹಲ್ಲುಗಳ ಸಾಲಿನಲ್ಲಿ, ಹೊರಗಿನಿಂದ ಯಾರಿಗೂ ಕಾಣದ ಜಾಗ. ಬಲಗಡೆಯಲ್ಲೇ ಅಗಿದುಕೊಂಡು ವರ್ಷಗಟ್ಟಲೆ ದೂಡಿದ್ದ, ಇನ್ನಷ್ಟು ವರ್ಷ ದೂಡುತ್ತಿದ್ದ, ಹೆಂಡತಿ ಬಿಡಲಿಲ್ಲ. ಮೊದಲ ದಿನ ಡಾಕ್ಟರಮ್ಮ ಪ್ಲಾಸ್ಟರಿನ ದವಡೆಯೊಂದನ್ನು ಅವನ ಕೈಗೆ ಕೊಟ್ಟು ಪಾಠ ಹೇಳಿದಳು. ಎದುರಿಗೆ ತಡೆಯುವ ಹಲ್ಲಿಲ್ಲದಿದ್ದರೆ ಮೇಲಿನ ಹಲ್ಲು ಸುಮ್ಮನಿರುವುದಿಲ್ಲವಂತೆ. ನಿಧಾನವಾಗಿ ಕೆಳಗಿಳಿದು ಖಾಲಿ ಜಾಗದೊಳಗೆ ಬಂದು ಕೂರುತ್ತದಂತೆ. ಅಕ್ಕಪಕ್ಕದವೂ ಅಷ್ಟೆ, ವಾಲುತ್ತವಂತೆ. ಅದಕ್ಕೆ ಬ್ರಿಡ್ಜ್ ಹಾಕಬೇಕು. ಬ್ರಿಡ್ಜ್ ಅಂದರೆ ಸೇತುವೆಯ ಹಾಗೆಯೇ, ಈ ಕಡೆ ಒಂದು ಕಂಬ, ಆ ಕಡೆ ಒಂದು ಕಂಬ, ನಡುವೆ ಇಲ್ಲದ ಹಲ್ಲು. ಕಂಬಕ್ಕೆಂದು ಎರಡೂ ಪಕ್ಕದ ಹಲ್ಲುಗಳನ್ನು ಸುತ್ತಲೂ ಅರೆದು ಸಣ್ಣ ಮಾಡಬೇಕು, ಮೇಲೆ ಟೋಪಿ ತೊಡಿಸಬೇಕು. ಅವು ಚೆನ್ನಾಗಿವೆಯಲ್ಲಾ ಎಂದು ಕೇಳಬೇಕೆನಿಸಿತ್ತು. ಒಂದು ಚುಕ್ಕೆ ಹುಳುಕಿಲ್ಲದ, ಯಾರ ಗೊಡವೆಗೂ ಹೋಗದ ಎರಡು ಹಲ್ಲು, ಪಕ್ಕದಲ್ಲಿದ್ದವೆಂಬ ಒಂದೇ ತಪ್ಪಿಗೆ. ಕೇಳಲಿಲ್ಲ. ಆಯ್ತು ಡಾಕ್ಟ್ರೇ ಎಂದಿದ್ದ. ಅರೆದ ದಿನ ಸುಟ್ಟ ಎಲುಬಿನ ವಾಸನೆ ಬಂದಿತ್ತು, ಮನೆಗೆ ಹೋಗುವ ದಾರಿಯುದ್ದಕ್ಕೂ ನಾಲಿಗೆ ಆ ಎರಡು ಮೋಟುಗಳನ್ನು ಮುಟ್ಟಿ ಮುಟ್ಟಿ ಕ್ಷಮೆ ಕೇಳುತ್ತಿದೆ ಎನ್ನಿಸಿತ್ತು. ತಂಗಿ ಮಾತ್ರ ಅವತ್ತು ಬಾಯಿ ತೆರೆಸಿ ನೋಡಿ, ಅಯ್ಯೋ, ಇವೇನು ಪಾಪ ಮಾಡಿದ್ವು ಅಂದಿದ್ದಳು.

ತಂಗಿ ಅವನ ಮನೆಯಲ್ಲೇ ಇದ್ದಾಳೆ. ಎರಡು ಕೋಣೆಯ ಮನೆ, ಅದರಲ್ಲಿ ಚಿಕ್ಕದು ಅವಳದು, ಅದರಿಂದಾಗಿ ಅವನ ಮಗಳು ಹಾಲ್‌ನಲ್ಲಿ ನೆಲದ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಾಳೆ. ಹೆಂಡತಿ ಇದನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ, ಮಗಳ ಪುಸ್ತಕ ಎತ್ತಿಡುವಾಗ ಒಂದು ಉಸಿರು ಬಿಡುತ್ತಾಳೆ, ಅಷ್ಟೆ. ಹೋದ ವರ್ಷದಿಂದ ತಂಗಿ ಗಿಡಗಳ ನರ್ಸರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಬೀಜ ಮೊಳೆಸುವುದು, ಕರಿ ಚೀಲಗಳಿಗೆ ಮಣ್ಣು ತುಂಬುವುದು, ಸಸಿ ಕಿತ್ತು ಬೇರೆ ಕಡೆ ನೆಡುವುದು. ಉಗುರಿನ ಸಂದಿಯಲ್ಲಿ ಮಣ್ಣು ತುಂಬಿಕೊಂಡು ಸಂಜೆ ಬಂದು, ಇವತ್ತು ಆ ಮೊಂಡುಗಿಡ ಚಿಗುರಿತು ಕಣೋ ಚಿಕ್ಕಣ್ಣ ಎಂದು ಯಾರದೋ ಮನೆಯ ಸುದ್ದಿ ಹೇಳುವವಳಂತೆ ಹೇಳುತ್ತಿದ್ದಳು. ನಲವತ್ತು ದಾಟಿದ ಮೇಲೆ ಒಬ್ಬಳ ನಡಿಗೆ ಬದಲಾಗಬಹುದೆಂದು ಅವನು ಎಣಿಸಿರಲಿಲ್ಲ. ಅವಳು ಈಗ ಬೀದಿಯ ನಡುವೆ ನಡೆಯುತ್ತಿದ್ದಳು, ಮೊದಲಿನಂತೆ ಗೋಡೆ ಹಿಡಿದುಕೊಂಡು ಅಲ್ಲ. ಅಷ್ಟರಲ್ಲಿ ದೊಡ್ಡಣ್ಣನ ಅತ್ತೆ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ನರ್ಸು ಒಬ್ಬರೂ ನಿಲ್ಲುತ್ತಿಲ್ಲ, ಮನೆಯವಳೇ ಒಬ್ಬಳು ಇದ್ದರೆ ಚೆಂದ, ಅವಳಿಗೇನು, ಗಂಡನೇ ಮಕ್ಕಳೇ ಎಂದು ದೊಡ್ಡಣ್ಣ ಫೋನಿನಲ್ಲಿ ಹೇಳಿದ. ಕೆಟ್ಟವನಲ್ಲ. ಕೊನೆಗೆ ಇದನ್ನೂ ಹೇಳಿದ: ಅವಳು ಇರೋದು ನಿನ್ನ ಮನೇಲಿ, ನೀನು ಬೇಡ ಅಂದ್ರೆ ನಾನು ಮತ್ತೆ ಈ ಸುದ್ದಿ ಎತ್ತಲ್ಲ.

ಮೊನ್ನೆ ಬೆಳಿಗ್ಗೆ ತಂಗಿ ಲೋಟ ತೊಳೆಯುತ್ತ, ನಲ್ಲಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. “ನಾನು ಬೇಡ ಅಂದ್ರೆ ಹಠ ಅಂತಾರೆ ಚಿಕ್ಕಣ್ಣ. ನೀನು ಅಂದ್ರೆ ಮಾತು ಅಂತಾರೆ. ಒಂದು ಸಲ ಹೇಳಿಬಿಡು, ಸಾಕು.” ಅವನು ಆಯ್ತು ಎಂದ. ಅವಳು ತಿರುಗಿ ನೋಡಿ ನಕ್ಕಳು. ಆಯ್ತು ಅನ್ನೋನು ನೀನು, ಬೇಡ ಅನ್ನೋಕೆ ಬರತ್ತೇನೋ ನಿಂಗೆ ಎಂದು ಛೇಡಿಸಿದಳು. ಬರುತ್ತೆ ಎಂದ. ಬರುತ್ತಿತ್ತು ಕೂಡ. ಫ್ಯಾಕ್ಟರಿಯಲ್ಲಿ ಅವನ ಕೆಲಸವೇ ಬೇಡ ಎನ್ನುವುದು. ಹೊಲಿದು ಬಂದ ಅಂಗಿಗಳನ್ನು ಬಿಳಿ ಟೇಬಲ್ಲಿನ ಮೇಲೆ ಹರಡಿ ಕಾಲರು, ಕಂಕುಳು, ಕಾಜ ಎಲ್ಲ ಸವರಿ ನೋಡಬೇಕು. ಒಂದೇ ಒಂದು ಹೊಲಿಗೆ ತಪ್ಪಿದ್ದರೂ ಕೆಂಪು ಸ್ಟಿಕರ್ ಅಂಟಿಸಿ ಪಕ್ಕಕ್ಕೆ ಎಸೆಯಬೇಕು. ಎಸೆಯುತ್ತಿದ್ದ, ಒಂದಿಷ್ಟೂ ದಾಕ್ಷಿಣ್ಯವಿಲ್ಲದೆ. ಹೊಲಿದವಳು ಎದುರಿಗೆ ಇಲ್ಲದಿದ್ದರಾಯಿತು. ಅವಳು ಎದ್ದು ಬಂದು, ಇದೊಂದು ಬಿಟ್ಟುಬಿಡಿ ಆಯ್ತಪ್ಪಾ ಎಂದು ನಿಂತರೆ ಅವನ ಕೈ ಸ್ಟಿಕರ್ ಕಿತ್ತುಬಿಡುತ್ತಿತ್ತು.

ಅವತ್ತೇ ಮಧ್ಯಾಹ್ನ ಕ್ಲಿನಿಕ್ಕಿನಿಂದ ಫೋನು ಬಂದದ್ದು. ನಿಮ್ಮ ಬ್ರಿಡ್ಜ್ ಬಂದಿದೆ, ಶುಕ್ರವಾರ ಬರ್ತೀರಾ, ಇಲ್ಲ ಸೋಮವಾರವಾ. ದೊಡ್ಡಣ್ಣ ಬರುವುದು ಶುಕ್ರವಾರ ಸಂಜೆ ಎಂದು ಆಗಲೇ ಗೊತ್ತಾಗಿತ್ತು. ಇಂಜೆಕ್ಷನ್ ಕೊಟ್ಟರೆ ಅರ್ಧ ದಿನ ಮಾತು ತೊದಲುತ್ತದೆ ಎನ್ನುವುದೂ ಹಲ್ಲು ಅರೆಸಿದ ದಿನವೇ ಗೊತ್ತಾಗಿತ್ತು. ಅವನು ಶುಕ್ರವಾರ ಎಂದ. ಈಗ ಕುರ್ಚಿಯಲ್ಲಿ ಮಲಗಿ ದೀಪ ನೋಡುತ್ತಿರುವಾಗ ಅವನನ್ನು ಕೊರೆಯುತ್ತಿದ್ದುದು ಇದೇ. ಜೀವಮಾನದಲ್ಲಿ ಬೇರೆಯವರು ಹೇಳಿದ್ದಕ್ಕೆಲ್ಲ ಆಯ್ತು ಎಂದುಕೊಂಡು ಬಂದವನು, ಎರಡರಲ್ಲಿ ಒಂದನ್ನು ತಾನಾಗಿ ಆರಿಸಿಕೊಂಡದ್ದು ಇದೊಂದೇ ಸಲ. ಛೆ, ಹಾಗೇನಿಲ್ಲ, ಸೋಮವಾರ ಫ್ಯಾಕ್ಟರಿಯಲ್ಲಿ ಮಾಲು ಹೋಗುವ ದಿನ, ರಜೆ ಸಿಗುವುದಿಲ್ಲ. ಸೋಮವಾರ ಮಾಲು ಹೋಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಡಾಕ್ಟರಮ್ಮ ಹಲ್ಲು ಅರೆದ ಮರುದಿನ ಮೋಟುಗಳಿಗೆ ತೊಡಿಸಿದ್ದ ಪ್ಲಾಸ್ಟಿಕ್ಕಿನ ತಾತ್ಕಾಲಿಕ ಟೋಪಿಗಳನ್ನು ಕಿತ್ತಳು. ಚಿಕ್ಕ ಡಬ್ಬಿಯಿಂದ ಬ್ರಿಡ್ಜ್ ತೆಗೆದು ತೋರಿಸಿದಳು. ಮೂರು ಹಲ್ಲು ಒಂದಕ್ಕೊಂದು ಅಂಟಿಕೊಂಡು ಅವಳ ಅಂಗೈಯಲ್ಲಿ ಕೂತಿದ್ದವು, ಅವನದಲ್ಲದ ಬಿಳುಪಿನಲ್ಲಿ. ಅದನ್ನು ಒಳಗಿಟ್ಟು ಒತ್ತಿ, ನಡುವೆ ನೀಲಿ ಕಾಗದ ಹಿಡಿದು ಕಚ್ಚಿ ಎಂದಳು, ಉಜ್ಜಿ ಎಂದಳು, ತೆಗೆದು ನೀಲಿ ಹತ್ತಿದ ಕಡೆ ಸರ್‌ ಎಂದು ಉಜ್ಜಿದಳು, ಮತ್ತೆ ಕಚ್ಚಿ ಎಂದಳು. ಎತ್ತರ ಅನ್ಸತ್ತಾ? ಅವನು ಕಚ್ಚಿ ನೋಡಿದ. ಬಲಗಡೆ ಹಲ್ಲಿಗೆ ಹಲ್ಲು ಕೂಡಿತೋ ಇಲ್ಲವೋ, ಎಡಗಡೆ ಏನಿತ್ತೋ, ಅಲ್ಲಿ ಅವನೇ ಇರಲಿಲ್ಲ. ಚರಿ ಇದೆ ಎಂದ. ಸರಿ ಎನ್ನಲು ಹೋಗಿ ಹಾಗೆ ಬಂತು. ಅವಳು ಕೈ ತಡೆದಳು. “ಕೂದಲೆಳೆಯಷ್ಟು ಎತ್ತರ ಇದ್ರೂ ಹೇಳಿ. ಮರಗಟ್ಟಿರೋವಾಗ ಸರಿಯಾಗಿ ಗೊತ್ತಾಗಲ್ಲ. ಬೇಕಿದ್ರೆ ಇವತ್ತು ಸುಮ್ನೆ ತಾತ್ಕಾಲಿಕವಾಗಿ ಅಂಟಿಸಿ ಕಳಿಸ್ತೀನಿ, ವಾರ ಬಿಟ್ಟು ಬನ್ನಿ.” ಇಷ್ಟು ಒಳ್ಳೆಯ ಮಾತು ಅವನಿಗೆ ಯಾರೂ ಆಡಿರಲಿಲ್ಲ. ಆದರೆ ಹೊರಗೆ ಬೆಂಚಿನಲ್ಲಿ ಕೆನ್ನೆ ಹಿಡಿದುಕೊಂಡ ಹೆಂಗಸೊಬ್ಬಳು ಕಾಯುತ್ತಿದ್ದಳು, ಒಳಗೆ ಬರುವಾಗ ಇವನನ್ನು ನೋಡಿದ್ದಳು, ಈ ಮನುಷ್ಯ ಬೇಗ ಮುಗಿಸಿಯಾನೇ ಎಂಬಂತೆ. ಡಾಕ್ಟರಮ್ಮನ ಊಟವೂ ಆಗಿರಲಿಕ್ಕಿಲ್ಲ. ಅವನು ಹೆಬ್ಬೆರಳೆತ್ತಿ ತೋರಿಸಿದ. ಅವಳು ಸಿಮೆಂಟು ಕಲಸಿದಳು, ತುಂಬಿದಳು, ಒತ್ತಿದಳು, ಹತ್ತಿ ಕಚ್ಚಿಸಿದಳು. ಇನ್ನು ಇದನ್ನು ತೆಗೀಬೇಕಂದ್ರೆ ಒಡೆದೇ ತೆಗೀಬೇಕು ಎಂದು ನಗುತ್ತ ಕೈಗವಸು ಬಿಚ್ಚಿದಳು. ಹಾಗೇನಾದರೂ ಅನ್ನಿಸಿದರೆ ಬಂದುಬಿಡಿ, ಉಜ್ಜಿ ಕೊಡ್ತೀನಿ, ಸಂಕೋಚ ಬೇಡ. ಅವನು ಸಂಕೋಚದಿಂದ ತಲೆಯಾಡಿಸಿದ.

ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ. ಇವನು ಹೇಳಿದ್ದು ಅವನಿಗೆ ತಿಳಿಯಲಿಲ್ಲ. ಮತ್ತೆ ಹೇಳುವಾಗ ತುಟಿಯ ಸತ್ತ ಮೂಲೆಯಿಂದ ಜೊಲ್ಲು ಇಳಿದು ಅಂಗಿಯ ಮೇಲೆ ಬಿತ್ತು. ಕಂಡಕ್ಟರ್ ಒಂದು ಹೆಜ್ಜೆ ಹಿಂದೆ ಸರಿದು, ಮಟಮಟ ಮಧ್ಯಾಹ್ನವೇ ಏರಿಸಿಕೊಂಡು ಬರ್ತಾರಪ್ಪಾ ಎಂದು ಬಸ್ಸಿಗೆಲ್ಲ ಕೇಳುವಂತೆ ಅಂದ. ಪಕ್ಕದಲ್ಲಿ ಕೂತಿದ್ದ ಮುದುಕಿ ಚೀಲ ಎತ್ತಿಕೊಂಡು ಬೇರೆ ಸೀಟಿಗೆ ಹೋದಳು. ಹಲ್ಲು, ಡಾಕ್ಟರು, ಇಂಜೆಕ್ಷನ್ ಎಂದು ಬೆರಳಿನಲ್ಲಾದರೂ ತೋರಿಸಬಹುದಿತ್ತು. ತೋರಿಸಲಿಲ್ಲ. ಕಿಟಕಿಗೆ ತಲೆಯಾನಿಸಿ ಕೂತ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಮಾನ ಹೇಗೋ ಕರಗಿ ಅದರ ಜಾಗದಲ್ಲಿ ಒಂದು ಬಗೆಯ ನೆಮ್ಮದಿ ಬಂದು ಕೂತಿತು. ಕುಡಿದವನ ಹತ್ತಿರ ಯಾರೂ ಏನೂ ಕೇಳುವುದಿಲ್ಲ. ಮಾತು ಬರದವನಿಂದ ಯಾರೂ ಮಾತು ನಿರೀಕ್ಷಿಸುವುದಿಲ್ಲ. ಚಿಕ್ಕವನಾಗಿದ್ದಾಗ ಜ್ವರ ಬಂದ ದಿನ ಹೀಗೇ ಆಗುತ್ತಿತ್ತು. ಹೊರಗೆ ಆಟದಲ್ಲಿ ದೊಡ್ಡಣ್ಣ ಯಾರ ಜೊತೆಗೋ ಜಗಳವಾಡುತ್ತಿದ್ದ, ಇವನು ಕಂಬಳಿಯೊಳಗೆ, ಯಾವ ಪಕ್ಷವನ್ನೂ ಸೇರಬೇಕಾಗಿಲ್ಲದೆ. ತಂಗಿ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದಳು, ಅವಳ ಪುಟ್ಟ ಕೈಗೆ ಹಿಂಡಲು ಬಾರದೆ ನೀರು ಕಿವಿಯೊಳಗೆ ಇಳಿಯುತ್ತಿತ್ತು. ಬಸ್ಸು ಅವನ ಸ್ಟಾಪು ದಾಟಿ ಮುಂದಿನ ಸ್ಟಾಪಿಗೆ ಹೋಗಿತ್ತು. ಅಲ್ಲಿಂದ ಬಿಸಿಲಿನಲ್ಲಿ ನಡೆದು ಬಂದ.

ಮನೆಯಲ್ಲಿ ಹೆಂಡತಿ, ಮಾತಾಡೋಕೆ ಹೋಗ್ಬೇಡಿ, ನಾಲಿಗೆ ಕಚ್ಚಿಕೊಂಡೀರಿ ಎಂದು ಹೆದರಿಸಿ ಮಲಗಲು ಕಳಿಸಿದಳು. ತಂಗಿ ಆಗಲೇ ಬಂದುಬಿಟ್ಟಿದ್ದಳು, ನರ್ಸರಿಯಿಂದ ಅರ್ಧ ದಿನ ಕೇಳಿಕೊಂಡು. ಕೈ ತೊಳೆದಿದ್ದಳು, ಉಗುರು ಕೂಡ ಉಜ್ಜಿದ್ದಳು, ಅದು ಅವನಿಗೆ ಯಾಕೋ ಹಿಡಿಸಲಿಲ್ಲ. ಬಾಯಿ ತೋರಿಸು ಎಂದಳು. ತೋರಿಸಿದ. ಚೆನ್ನಾಗಿ ಕೂತಿದೆ ಕಣೋ, ರಾಜನ ಹಲ್ಲು ಎಂದಳು. ಆಮೇಲೆ ಸ್ವರ ಇಳಿಸಿ, ದೊಡ್ಡಣ್ಣ ಬರೋ ಹೊತ್ತಿಗೆ ಮರಗಟ್ಟಿದ್ದು ಬಿಟ್ಟಿರತ್ತಲ್ಲ ಎಂದು ಕೇಳಿದಳು. ಅವನು ತಲೆಯಾಡಿಸಿದ. ಗೋಡೆಯ ಕಡೆ ತಿರುಗಿ ಮಲಗಿದ.

ನಿದ್ದೆ ಬಂದಿತ್ತು. ಎಚ್ಚರವಾದದ್ದು ಹಲ್ಲಿನಿಂದ. ನಿದ್ದೆಯಲ್ಲಿ ಬಾಯಿ ಮುಚ್ಚಿಕೊಂಡಾಗ ಏನೋ ತಡೆದಂತಾಯಿತು. ಮತ್ತೆ ಮುಚ್ಚಿದ. ಎಡಗಡೆ, ಹೊಸ ಹಲ್ಲು, ಉಳಿದೆಲ್ಲಕ್ಕಿಂತ ಮೊದಲು ಮೇಲಿನದಕ್ಕೆ ತಾಗಿತು. ಬಲಗಡೆ ಹಲ್ಲಿಗೂ ಹಲ್ಲಿಗೂ ನಡುವೆ ಗಾಳಿ ಹೋಗುವಷ್ಟು ಸಂದು. ಕೂದಲೆಳೆಯಷ್ಟೇ ಇರಬಹುದು, ಆದರೆ ಬಾಯಿಯ ಒಳಗೆ ಕೂದಲೆಳೆ ಎಂದರೆ ಬಾಗಿಲಿಗೆ ಸಿಕ್ಕಿಕೊಂಡ ಕಲ್ಲು. ಒತ್ತಿ ಕಚ್ಚಿದರೆ ಕೆಳಗಿನ ಮೋಟುಗಳ ಬೇರಿನವರೆಗೂ ನೋವು ಇಳಿಯಿತು. ಅಯ್ಯೋ ನನ್ನ ಕರ್ಮವೇ ಎಂದುಕೊಂಡ. ನಾಳೆ ಹೋಗಿ ಡಾಕ್ಟರಮ್ಮನಿಗೆ ಹೇಳಬೇಕು. ಸರಿ ಇದೆ ಅಂದಿದ್ರಲ್ಲಾ ಎಂದರೆ? ಅನ್ನುವುದಿಲ್ಲ, ಅವಳು ಅಂಥವಳಲ್ಲ, ಆದರೂ. ಹೀಗೆ ಯೋಚಿಸುತ್ತಿರುವಾಗಲೇ ಅವನಿಗೆ ಹೊಳೆಯಿತು. ನೋವು ತಿಳಿಯುತ್ತಿದೆ ಎಂದರೆ ಮರಗಟ್ಟಿದ್ದು ಬಿಟ್ಟಿದೆ. ತುಟಿಯನ್ನು ಮುಟ್ಟಿ ನೋಡಿದ. ತುಟಿ ಬೆರಳನ್ನು ಮುಟ್ಟಿತು. ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿ, ನಲ್ಲಿ ತಿರುಗಿಸಿ ನೀರು ಬಿಟ್ಟು, ಕನ್ನಡಿಯ ಮುಂದೆ ಮೆಲ್ಲಗೆ ಬೇಡ ಎಂದ. ಸ್ವಚ್ಛವಾಗಿ ಬಂತು. ಬೇಡ ದೊಡ್ಡಣ್ಣ, ಅವಳು ಬರಲ್ಲ. ಪೂರಾ ಬಂತು, ಒಂದಕ್ಷರ ತೊದಲಲಿಲ್ಲ. ಕನ್ನಡಿಯಲ್ಲಿದ್ದವನು ಹೆದರಿದಂತೆ ಕಂಡ. ಹೊರಗೆ ಬಾಗಿಲು ಬಡಿದ ಸದ್ದು, ದೊಡ್ಡಣ್ಣನ ಕೆಮ್ಮು, ಬನ್ನಿ ಬನ್ನಿ ಎಂಬ ಹೆಂಡತಿಯ ಸ್ವರ. ನಲ್ಲಿ ನಿಲ್ಲಿಸಿ, ಬಚ್ಚಲಿನಿಂದ ಹೊರಗೆ ಕಾಲಿಡುವಾಗ ಅವನ ಎಡಗೈ ತಾನಾಗಿಯೇ ಎದ್ದು ಕೆನ್ನೆಯನ್ನು ಹಿಡಿದುಕೊಂಡಿತು.

ದೊಡ್ಡಣ್ಣ ದ್ರಾಕ್ಷಿ ತಂದಿದ್ದ. ಹಲ್ಲಿನವನಿಗೆ ಮೆತ್ತಗಿರಲಿ ಅಂತ ಇದನ್ನೇ ತಂದೆ ಎಂದ. ಅವನ ಮುಖ ಸೊರಗಿತ್ತು, ನಿದ್ದೆಗೆಟ್ಟು ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅತ್ತೆಯನ್ನು ಎತ್ತಿ ಕೂರಿಸುವುದು, ಮಗ್ಗುಲು ಬದಲಿಸುವುದು, ಹೆಂಡತಿಗೆ ಬೆನ್ನುನೋವು, ಈಗಿರುವ ನರ್ಸು ಭಾನುವಾರ ಬಿಟ್ಟುಹೋಗುವುದು, ಎಲ್ಲ ಹೇಳಿದ. ಸುಳ್ಳು ಒಂದೂ ಇರಲಿಲ್ಲ. ಕೆಟ್ಟ ಮನುಷ್ಯನಾಗಿದ್ದರೆ ಎಷ್ಟು ಸುಲಭವಾಗಿತ್ತು ಎಂದು ಆಯ್ತಪ್ಪನಿಗೆ ಅನ್ನಿಸಿತು. ಇಂಜೆಕ್ಷನ್ ಕೊಟ್ಟಿದ್ದಾರೆ, ಮಾತಾಡೋಕಾಗಲ್ಲ ಅವರಿಗೆ ಎಂದು ಹೆಂಡತಿ ಹೇಳಿದಳು. ಅವಳು ಹೇಳಿದಾಗ ಅದು ನಿಜವೇ ಆಗಿಬಿಟ್ಟಿತು. ತಂಗಿ ಕೋಣೆಯ ಬಾಗಿಲಿನಲ್ಲಿ ಚೌಕಟ್ಟಿಗೆ ಒರಗಿ ನಿಂತಿದ್ದಳು.

“ಪಾಪ, ಮಾತಾಡ್ಬೇಡ,” ದೊಡ್ಡಣ್ಣ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. “ತಲೆ ಆಡಿಸಿದ್ರೆ ಸಾಕು. ಅವಳನ್ನ ಕರ್ಕೊಂಡು ಹೋಗ್ಲಾ? ಬೇಡ ಅಂದ್ರೆ ಬೇಡ, ನನಗೇನೂ ಬೇಜಾರಿಲ್ಲ.”

ತಂಗಿ ಮುಂದೆ ಬಂದಳು. “ಇವತ್ತು ಕೇಳ್ಬೇಡ ದೊಡ್ಡಣ್ಣ. ಅವನಿಗೆ ಬಾಯಿ ಬರ್ತಿಲ್ಲ ನೋಡು. ನಾಳೆ ಬೆಳಿಗ್ಗೆ ಬಾಯಿ ಬಂದ್ಮೇಲೆ ಹೇಳ್ತಾನೆ.”

ಬಾಯಿಯೊಳಗೆ ಆ ಮಾತು ಇತ್ತು. ಬಚ್ಚಲಿನಲ್ಲಿ ತೊಳೆದಿಟ್ಟ ಹಾಗೆ ಇತ್ತು. ನಾಲಿಗೆ ಅದನ್ನು ಹುಡುಕುವ ಬದಲು ಎತ್ತರದ ಹಲ್ಲನ್ನು ಹುಡುಕಿಕೊಂಡು ಹೋಯಿತು, ಅದರ ಮೇಲೆ ಒತ್ತಿ ನಿಂತಿತು. ತಲೆಯನ್ನು ಆಚೀಚೆ ಆಡಿಸಿದರೂ ಸಾಕು. ಕೈ ಬೀಸಿದರೂ ಸಾಕು. ದೊಡ್ಡಣ್ಣನ ಕಣ್ಣ ಕೆಳಗಿನ ಕಪ್ಪು, ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ಹಿಡಿದುಕೊಂಡ ಉಸಿರು, ನೆಲದ ಮೇಲೆ ಮಗಳ ತೆರೆದ ಪುಸ್ತಕ, ಎಲ್ಲ ಒಟ್ಟಿಗೆ ಅವನ ಕಡೆ ತಿರುಗಿದ್ದವು. ತಂಗಿ ಮಾತ್ರ ಅವನನ್ನು ನೋಡುತ್ತಿರಲಿಲ್ಲ. ಅವನ ಪರವಾಗಿ ದೊಡ್ಡಣ್ಣನನ್ನು ದುರುಗುಟ್ಟಿ ನೋಡುತ್ತಿದ್ದಳು. ಅವನು ಹಲ್ಲು ಕಚ್ಚಿದ. ನೋವು ಬೇರಿನವರೆಗೂ ಇಳಿಯಿತು, ಕಣ್ಣು ಮುಚ್ಚಿದವು, ತಲೆ ಮುಂದಕ್ಕೆ ಬಗ್ಗಿತು. ನೋವಿಗೆ ಬಗ್ಗಿತೋ, ಬಗ್ಗಲೆಂದೇ ನೋವು ಮಾಡಿಕೊಂಡನೋ, ಅವನಿಗೇ ತಿಳಿಯಲಿಲ್ಲ.

ಸರಿ ಹಾಗಾದ್ರೆ ಎಂದು ದೊಡ್ಡಣ್ಣ ಅವನ ತೊಡೆ ತಟ್ಟಿದ. ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ, ಸಾಮಾನು ಜಾಸ್ತಿ ಬೇಡ, ಅಲ್ಲಿ ಎಲ್ಲ ಇದೆ ಎಂದ. ಅಲ್ಲ ದೊಡ್ಡಣ್ಣ, ಅವನು ನೋವಿಗೆ, ಎಂದು ತಂಗಿ ಏನೋ ಹೇಳಹೋದಳು. ಅವನನ್ನ ಯಾಕೆ ಹಿಂಸೆ ಮಾಡ್ತೀಯಮ್ಮಾ, ಆಡಿಸಿದ್ನಲ್ಲ ತಲೆ ಎಂದು ದೊಡ್ಡಣ್ಣ ಮೆತ್ತಗೆ ಗದರಿದ. ಇನ್ನೂ ಹೊತ್ತಿತ್ತು. ದೊಡ್ಡಣ್ಣ ಚಹಾ ಕುಡಿಯುವಾಗ ಹೇಳಬಹುದಿತ್ತು, ಚಪ್ಪಲಿ ಮೆಟ್ಟುವಾಗ, ಮೆಟ್ಟಿಲಿಳಿಯುವಾಗ, ಗೇಟಿನ ಹತ್ತಿರ ತಿರುಗಿ ಕೈ ಎತ್ತಿದಾಗ. ಆಯ್ತಪ್ಪ ಕೆನ್ನೆ ಹಿಡಿದುಕೊಂಡೇ ಇನ್ನೊಂದು ಕೈ ಎತ್ತಿದ. ಗೇಟು ಮುಚ್ಚಿದ ಮೇಲೆ ಹೆಂಡತಿ ನೆಲದ ಮೇಲಿನ ಪುಸ್ತಕಗಳನ್ನು ಎತ್ತಿಟ್ಟಳು. ಇವತ್ತು ಉಸಿರು ಬಿಡಲಿಲ್ಲ.

ಕತ್ತಲಾಗುವ ಹೊತ್ತಿಗೆ ತಂಗಿ ಬಟ್ಟಲಿನಲ್ಲಿ ಗಂಜಿ ತಂದಳು. ಆರಿಸಿ, ಚಮಚದಿಂದ ತಿರುವಿ ಗಂಟು ಒಡೆದಿದ್ದಳು. ಎದುರಿಗೆ ನೆಲದ ಮೇಲೆ ಕೂತು, ನಾಳೆ ಫೋನ್ ಮಾಡಿ ಹೇಳೋಣ ಚಿಕ್ಕಣ್ಣ, ಅವನು ತಪ್ಪು ತಿಳ್ಕೊಂಡ, ನಾಳೆ ನಿಂಗೆ ಬಾಯಿ ಬರತ್ತಲ್ಲ ಎಂದಳು. ಅವನ ಕೈಯನ್ನು ಕೆನ್ನೆಯಿಂದ ಬಿಡಿಸಿ ಚಮಚ ಹಿಡಿಸಿದಳು. “ತುಂಬಾ ನೋವಿದೆಯೇನೋ?”

ಅವಳ ಕೈ ಬೆಚ್ಚಗಿತ್ತು. ಸುಳ್ಳು ಹೇಳಬೇಕೆಂಬುದು ಅವನಿಗೆ ಮರೆತೇಹೋಯಿತು. “ಇಲ್ಲ, ಅಷ್ಟೇನಿಲ್ಲ,” ಎಂದ.

ಮಾತು ಸ್ವಚ್ಛವಾಗಿ, ದುಂಡಗೆ, ದಿನವೂ ಬರುವ ಹಾಗೆ ಬಂತು. ತಂಗಿ ಅವನ ಕಣ್ಣನ್ನು ನೋಡಲಿಲ್ಲ, ಬಾಯಿಯನ್ನು ನೋಡಿದಳು. ತುಟಿಯ ಎಡ ಮೂಲೆಯನ್ನು, ಅಲ್ಲಿಂದ ಏನೂ ಇಳಿಯದಿರುವುದನ್ನು ನೋಡಿದಳು.

“ಯಾವಾಗ ಬಿಡ್ತು?” ಎಂದು ಕೇಳಿದಳು.

ಅವನು ಗಂಜಿಯನ್ನು ಬಾಯಿಗಿಟ್ಟುಕೊಂಡ. ಬಾಯಿ ಮುಚ್ಚಿದ. ಹಲ್ಲು ತಾಗಿತು. ಅಗಿಯುವುದಕ್ಕೆ ಏನೂ ಇರಲಿಲ್ಲ, ಆದರೂ ಅಗಿದ. ಅವಳು ಕಾದಳು, ಅವನು ನುಂಗುವವರೆಗೂ ಕಾದಳು, ನುಂಗಿದ ಮೇಲೂ ಸ್ವಲ್ಪ ಕಾದಳು. ಫೋನಿನ ಮಾತನ್ನು ಮತ್ತೆ ಎತ್ತಲಿಲ್ಲ. ಆಮೇಲೆ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ಅಲ್ಲಿ ಕರಿ ಚೀಲಗಳಲ್ಲಿ ಅವಳ ಸಸಿಗಳು ಸಾಲಾಗಿ ಕೂತಿದ್ದವು. ಒಂದೊಂದರ ಮಣ್ಣನ್ನೂ ಬೆರಳಿನಿಂದ ಒತ್ತಿ ನೋಡುತ್ತ, ಅವನ ಕಡೆ ತಿರುಗದೆಯೇ ಹೇಳಿದಳು.

“ಇವಕ್ಕೆ ದಿನಾ ನೀರು ಹಾಕ್ಬೇಡ. ಕೊಳೆತುಹೋಗ್ತವೆ. ಮುಟ್ಟಿ ನೋಡಿ, ಒಣಗಿದ್ರೆ ಮಾತ್ರ ಹಾಕು.”

“ಆಯ್ತು,” ಎಂದ ಆಯ್ತಪ್ಪ.